ಸುಟ್ಟ ಒಳಮೈ

ಎಂಜಿನ್ನಿನ ಹೊಗೆ ಸಾಗಿಸುವ ಪೈಪುಗಳ ಗೊಂಚಲು, ಹೊಸ ಎಕ್ಸಾಸ್ಟ್ ಹೆಡರ್, ಕಣ್ಣಿಗೆ ಹಬ್ಬವಾಗಿತ್ತು. ಅದಕ್ಕೇ ಹುಡುಗ ಪಟಾಕಿಗೆ ಇನ್ನಷ್ಟು ಸಂಕಟವಾಯಿತು.

ಪಟಾಕಿ ಎಂಬುದು ಸೋದರಮಾವ ಇಟ್ಟ ಹೆಸರು. ಮೇಷ್ಟರು ಎಸೆದ ಡಸ್ಟರನ್ನು ಅವರ ಮೇಲೇ ತಿರುಗಿ ಎಸೆದು ಶಾಲೆ ಬಿಟ್ಟು ಬಂದವನನ್ನು ಮಾವ ಒಂದು ಮಾತೂ ಕೇಳದೆ ಗ್ಯಾರೇಜಿಗೆ ಸೇರಿಸಿಕೊಂಡಿದ್ದ. ಈಗ ಪೈಪುಗಳ ವಿನ್ಯಾಸ ಅಳಿಯನದು, ಬೆಸುಗೆ ಮಾವನದು. ಎಂಜಿನ್ನಿನ ನಾಲ್ಕು ಬಾಯಿಗಳಿಂದ ನುಗ್ಗುವ ಬಿಸಿ ಹೊಗೆ ಎಂಜಿನ್ನಿಗೆ ಗಾಳಿ ಊದುವ ಟರ್ಬೊದ ಚಕ್ರಕ್ಕೆ ಒಂದರ ಹಿಂದೊಂದು, ತಳ್ಳಾಟವಿಲ್ಲದೆ ಬಂದು ಬಡಿಯಬೇಕು. ಅದಕ್ಕೆ ನಾಲ್ಕು ಪೈಪೂ ಒಂದೇ ಉದ್ದವಿರಬೇಕು, ಇರುವ ಅಂಗೈಯಗಲ ಜಾಗದಲ್ಲೇ ಬಾಗಬೇಕು. ತಂತಿ ಬಗ್ಗಿಸಿ, ಬಿಚ್ಚಿ, ಮತ್ತೆ ಬಗ್ಗಿಸಿ ಆ ದಾರಿ ಹುಡುಕುವಷ್ಟರಲ್ಲಿ ಪಟಾಕಿಯ ತಲೆ ಮೊಸರುಗಡಿಗೆಯಾಗಿತ್ತು.

ಬೆಸುಗೆ ಮುಗಿಸಿ ಮಾವ ಟೀ ಕುಡಿಯಲು ಹೋಗಿದ್ದ. ಪಟಾಕಿ ಪೈಪಿನೊಳಗೆ ಬೆರಳು ತೂರಿಸಿದ. ಗರಗರ. ಸೀದ ಸಕ್ಕರೆಯಂಥ ಕರಿ ಹರಳು. ಸ್ಟೀಲ್ ಬೆಸೆಯುವಾಗ ಪೈಪಿನ ಒಳಗೂ ಆರ್ಗಾನ್ ಗ್ಯಾಸ್ ಹರಿಯುತ್ತಿರಬೇಕು, ಇಲ್ಲದಿದ್ದರೆ ಒಳಮೈ ಸುಟ್ಟುಹೋಗುತ್ತದೆ. ಮಾವ ನಳಿಗೆ ಸಿಕ್ಕಿಸಿ, ಪೈಪಿನ ಬಾಯಿಗೆ ಟೇಪ್ ಅಂಟಿಸಿ, ಸಿಲಿಂಡರಿನಿಂದ ಅದಕ್ಕೆ ಗ್ಯಾಸ್ ತಿರುಗಿಸುವುದನ್ನೇ ಮರೆತಿದ್ದ. ಹೋದ ತಿಂಗಳೂ ಮರೆತಿದ್ದ. ಅಂದು ಪಟಾಕಿ ಬಾಯಿಗೆ ಬಂದಂತೆ ಕೂಗಾಡಿದಾಗ, "ಇನ್ನೊಂದ್ಸಲ ಹೀಗಾದ್ರೆ ನಾನು ವೆಲ್ಡಿಂಗೇ ಮುಟ್ಟಲ್ಲ ಬಿಡೋ" ಎಂದಿದ್ದ.

ಮಾವ ಆಡಿದ ಮಾತಿಗೆ ತಪ್ಪುವವನಲ್ಲ. ಹೇಳಿದರೆ ಅವನ ಕೆಲಸ ಹೋಯಿತು. ಹೇಳದಿದ್ದರೆ ಒಂದು ಹರಳು ಕಳಚಿದರೂ ಸಾಕು, ಟರ್ಬೊದ ಅಲಗುಗಳು ನುಚ್ಚುನೂರು.

ಮಾವ ಮೀಸೆ ಒರೆಸಿಕೊಳ್ಳುತ್ತ ಬಂದ. "ಹೇಗಿದೆಯೋ?"

"ನನ್ನ ಅಳತೆ ತಪ್ಪಿದೆ ಮಾವ. ಮೂರನೇ ಪೈಪ್ ಗಿಡ್ಡ ಆಗೋಯ್ತು. ಎಲ್ಲಾ ಕೊಯ್ದು ಹೊಸದಾಗಿ ಮಾಡ್ಬೇಕು."

"ಒಂದು ಗಿಡ್ಡ ಆದ್ರೆ ಎಲ್ಲಾ ಯಾಕೋ ಕೊಯ್ಯೋದು?"

ಪಟಾಕಿ ನೆಲ ನೋಡಿದ.

"ಇಷ್ಟು ಮೆತ್ತಗೆ ಮಾತಾಡ್ತಿದೀಯಲ್ಲ, ಯಾರು ಸತ್ರು?" ಮಾವ ನಕ್ಕ.

"ತಪ್ಪು ನಂದು ಅಂದ್ನಲ್ಲ!"

"ನಿನ್ನ ತಪ್ಪಾದ್ರೆ ನೀನು ಸ್ಪ್ಯಾನರ್ ಎಸೀತೀಯ, ತಲೆ ತಗ್ಗಿಸಲ್ಲ." ಹೇಳುತ್ತಲೇ ಮಾವನ ನಗು ನಿಂತಿತು. ಆರ್ಗಾನ್ ಸಿಲಿಂಡರಿನ ಕಡೆ ನೋಡಿದ. ಪೈಪಿನೊಳಗೆ ತನ್ನ ಬೆರಳಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಬೈಯೋ," ಎಂದ. "ಹೋದ್ಸಲ ಬೈದ್ಯಲ್ಲ, ಹಾಗೆ."

ಪಟಾಕಿ ಬೆರಳಿಗೆ ಅಂಟಿದ ಕರಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ನೀನು ಬೈದಾಗ ನಾನಿನ್ನೂ ಕೆಲಸದವನು ಅನ್ಸಿತ್ತು ಕಣೋ. ಹೀಗೆ ಮುಚ್ಚಿಟ್ರೆ ನಾನು ಬರೀ ಮುದುಕ."

ಮಾವ ಕೈಗವಸು ಕಳಚಿ ಅಳಿಯನ ಮುಂದಿಟ್ಟ. ಹೆಡರನ್ನು ವೈಸಿನ ದವಡೆಗೆ ಬಿಗಿದು ತಾನೇ ಕರೆಂಟ್ ಗರಗಸ ಎತ್ತಿಕೊಂಡ. "ನನ್ನ ಬೆಸುಗೆ ನಾನೇ ಕೊಯ್ತೀನಿ. ಬೆಸೆಯೋದು ಇನ್ನು ನೀನೇ."

"ಬುದ್ಧಿ ಎಲ್ಲಿ ಅಡ ಇಟ್ಟಿದ್ದೆ ಮಾವ!" ಪಟಾಕಿ ಕೂಗಿದ. "ಅಷ್ಟು ಕಷ್ಟಪಟ್ಟು ಬಗ್ಗಿಸಿದ್ದೆ! ಕಣ್ಣು ಕಾಣಲ್ವಾ ನಿಂಗೆ?"

ಗರಗಸ ಉಕ್ಕಿಗೆ ತಾಗಿತು. ಅದರ ಕಿರುಚಾಟದಲ್ಲಿ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಮಾವ ತಲೆಯಾಡಿಸುತ್ತಲೇ ಇದ್ದ. ಪಟಾಕಿ ಬೈಯುತ್ತಲೇ ಇದ್ದ.