ಚೇಳು ನೋಡುವ ಹೊತ್ತು

ದೂರದಲ್ಲಿರುವ ಗಂಡ ಹೆಂಡತಿ ದಿನಾ ಸಂಜೆ ಫೋನಿನಲ್ಲಿ ಏನು ಮಾತಾಡುತ್ತಾರೆ? ಊಟ, ನಿದ್ದೆ, ಅತ್ತೆಯ ಮಂಡಿನೋವು. ಡಾಕ್ಟರ್ ನೀರಜಾ ಮತ್ತು ಅವಳ ಗಂಡ ದಿವಾಕರ ಮಾತ್ರ ಚೇಳು ಹುಡುಕುತ್ತಿದ್ದರು. ನಗಬೇಡಿ, ನಿಜ. ಅವಳು ಮ್ಯಾಂಚೆಸ್ಟರಿನ ವಿದನ್‌ಶಾ ಬಡಾವಣೆಯ ಆಸ್ಪತ್ರೆಯಲ್ಲಿ. ಅವನು ಸೌದಿಯಲ್ಲಿ, ಮರುಭೂಮಿ ಸಮುದ್ರಕ್ಕೆ ತಾಗುವ ಒಂದು ಊರಿನಲ್ಲಿ, ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಕಾರ್ಖಾನೆಯ ಎಂಜಿನಿಯರ್.

ಆ ಊರಿನಾಚೆಯ ಒಂಟಿ ಮನೆಯಲ್ಲಿ ಇಬ್ಬರೂ ಹತ್ತು ವರ್ಷ ಸಂಸಾರ ಮಾಡಿದವರು. ಹೊರಗಿನ ಬಿಸಿಲು ತಾಳಲಾರದೆ ಹುಳಹುಪ್ಪಟೆಯೆಲ್ಲ ಒಳಗೆ ನುಗ್ಗುತ್ತಿತ್ತು. ಬಚ್ಚಲ ಮೋರಿಯಿಂದ ಜಿರಲೆ, ಬಾಗಿಲ ಚೌಕಟ್ಟಿಗೆ ಗೆದ್ದಲು, ಪರದೆಯ ಹಿಂದೆ ಅಂಗೈಯಗಲದ ಒಂಟೆ ಜೇಡ. ಜೇಡ ಪಾಪ, ನೋಡಲಷ್ಟೇ ಭಯಂಕರ. ನಿಜವಾದ ಶತ್ರು ಚೇಳು. ಒಮ್ಮೆ ಅದು ದಿವಾಕರನ ಶೂ ಒಳಗೆ ಸೇರಿಕೊಂಡು ಹೆಬ್ಬೆರಳಿಗೆ ಕುಟುಕಿತು. ಅವನು ಬೆವರಿ ನಡುಗುತ್ತಿದ್ದರೆ ನೀರಜಾ ತಾನು ಡಾಕ್ಟರ್ ಎಂಬುದನ್ನೇ ಮರೆತು ಹೋ ಎಂದು ಅತ್ತಿದ್ದಳು. ಅವತ್ತಿನಿಂದ ಆ ಮನೆಯಲ್ಲಿ ಕೊಡವದೆ ಶೂ ಹಾಕುವಂತಿಲ್ಲ. ಸಂಜೆಯಾದರೆ ದೀಪ ಆರಿಸಿ, ನೇರಳೆ ಬೆಳಕಿನ ಟಾರ್ಚ್ ಹಿಡಿದು ಮನೆಯೆಲ್ಲ ಒಂದು ಸುತ್ತು. ಆ ಬೆಳಕು ಬಿದ್ದರೆ ಚೇಳು ಹಸಿರಾಗಿ ಹೊಳೆಯುತ್ತದೆ. ಅವನ ಕೈಯಲ್ಲಿ ಟಾರ್ಚ್, ಅವಳ ಕೈಯಲ್ಲಿ ಇಕ್ಕಳ. ಅವರ ದಾಂಪತ್ಯದ ಅತ್ಯಂತ ಒಳ್ಳೆಯ ಹೊತ್ತು ಅದೇ ಆಗಿತ್ತು ಎಂದರೆ ಸುಳ್ಳಲ್ಲ.

ಆಮೇಲೆ ಅವಳಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತು. "ನೀನು ಮೊದಲು ಹೋಗಿರು. ಇನ್ನೆರಡು ವರ್ಷಕ್ಕೆ, ಮಾರ್ಚಿನಲ್ಲಿ, ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತೆ, ಬಂದುಬಿಡ್ತೀನಿ" ಎಂದಿದ್ದ ದಿವಾಕರ.

ಆ ಮಾರ್ಚನ್ನೇ ನಂಬಿಕೊಂಡು ಅವಳು ಬದುಕುತ್ತಿದ್ದಳು. ಜೊತೆಯಲ್ಲಿ ಕೆಲಸ ಮಾಡುವ ಧಾರವಾಡದ ಶೋಭಾ, "ಏನ್ರೀ ಡಾಕ್ಟ್ರೇ, ನಿಮ್ಮ ಮನೆಯವರು ಬರ್ತಾರೋ, ಬರೇ ಫೋನಿನಾಗೇ ಇರ್ತಾರೋ?" ಎಂದು ಕಾಲೆಳೆದಾಗಲೆಲ್ಲ, "ಮಾರ್ಚಿಗೆ" ಎನ್ನುತ್ತಿದ್ದಳು. ಮನೆಗೆ ಬಂದರೆ ಹೀಟರಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಬಾತ್‌ಟಬ್ಬಿನಲ್ಲಿ ಬಂದು ಕೂರುವ ಉದ್ದಕಾಲಿನ ಜೇಡವನ್ನು ಹೊರಗೆ ಹಾಕಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ಆ ಮನೆಯಲ್ಲಿ ಅವಳಲ್ಲದೆ ಇದ್ದ ಇನ್ನೊಂದು ಜೀವ ಅದೊಂದೇ.

ಸಂಜೆ ಅವನ ವಿಡಿಯೋ ಕಾಲ್ ಬರುತ್ತಿತ್ತು. ಅವನು ಅಲ್ಲಿ ದೀಪ ಆರಿಸುತ್ತಿದ್ದ. ಫೋನಿನ ಪರದೆಯ ತುಂಬ ಕತ್ತಲೆ, ನೆಲದ ಮೇಲೆ ಜಾರುವ ನೇರಳೆ ವೃತ್ತ. "ರೀ, ಮೋರಿ ನೋಡಿದ್ರಾ? ಮಂಚದ ಕಾಲು? ಫ್ರಿಜ್ ಹಿಂದೆ?" ಎಂದು ಅವಳು ಇಲ್ಲಿಂದಲೇ ಜೋರು ಮಾಡುವಳು. "ಆಯ್ತು ಮೇಡಂ, ನೋಡಿದೆ ಮೇಡಂ" ಎಂದು ಅವನು ಅಲ್ಲಿಂದ ಚುಡಾಯಿಸುವನು. ಅಷ್ಟು ಹೊತ್ತು ಅವಳಿಗೆ ಒಂಟಿತನ ಗೊತ್ತಾಗುತ್ತಿರಲಿಲ್ಲ.

ಅವಳ ಎರಡನೇ ಚಳಿಗಾಲದ ಫೆಬ್ರವರಿಯ ಒಂದು ಸಂಜೆ ಅವರ ಸುತ್ತು ನಡೆದಿರುವಾಗಲೇ ಅಲ್ಲಿ ಬೆಲ್ ಆಯಿತು. "ಆಫೀಸಿನ ಡ್ರೈವರ್ ಇರ್ಬೇಕು, ಫೈಲ್ ಕೊಟ್ಟು ಬರ್ತೀನಿ" ಎಂದು ದಿವಾಕರ ಫೋನನ್ನು ಯಾವುದಕ್ಕೋ ಒರಗಿಸಿಟ್ಟು ಬಾಗಿಲು ತೆರೆದ. ಹೊರಗಿನ ಬೆಳಕು ಒಳಗೆ ಬಿತ್ತು. ಬಾಗಿಲ ಬಳಿಯಿದ್ದ ಶೂ ಒಳಗೆ ನೇರವಾಗಿ ಕಾಲು ತೂರಿಸಿ ಅವನು ನಡೆದುಬಿಟ್ಟ.

ಬೇರೆ ಯಾವ ಹೆಂಡತಿಗೂ ಅದು ಕಾಣುತ್ತಿರಲಿಲ್ಲ. ನೀರಜಾಳಿಗೆ ಕಂಡಿತು.

ಅವನು ಮರಳಿ ಬಂದಾಗ, "ನೀವು ಶೂ ಕೊಡವಲಿಲ್ಲ" ಎಂದಳು.

"ಹೌದಾ? ಅವಸರದಲ್ಲಿ ಮರೆತೆ."

"ಅವಸರದಲ್ಲಿ ಮರೆಯೋದಲ್ಲ ಅದು. ಇಲ್ಲಿಗೆ ಬಂದ ಮೇಲೆ ನನಗೆ ಆ ಅಭ್ಯಾಸ ಬಿಡೋಕೆ ಒಂದು ಇಡೀ ಚಳಿಗಾಲ ಬೇಕಾಯ್ತು. ನೀವು ಎಲ್ಲಿದ್ದೀರಿ ರೀ?"

ಅವನು ದೀಪ ಹಾಕಿದ. ಅವಳು ಎಂದೂ ನೋಡದ ಕೋಣೆ, ಎಂದೂ ನೋಡದ ಸೋಫಾ. ಕಿಟಕಿಯಾಚೆ, ತುಂಬಾ ಕೆಳಗೆ, ಬೀದಿದೀಪಗಳು.

"ಕಂಪನಿ ಫ್ಲ್ಯಾಟು. ಒಂಬತ್ತನೇ ಮಹಡಿ. ದಸರಾ ಹೊತ್ತಿಗೆ ಬಂದೆ. ಇಲ್ಲಿಗೆ ಇರುವೆ ಕೂಡ ಹತ್ತಲ್ಲ."

"ಕಂಪನಿಯವರು ಸುಮ್ಮನೆ ಕೊಟ್ರಾ?"

"ಕಾಂಟ್ರ್ಯಾಕ್ಟ್ ಮುಂದುವರಿಸಿದೆ."

"ಅಂದ್ರೆ ನೀವು ಬರಲ್ಲ."

"ಬರಲ್ಲ ನೀರಜಾ. ಬಂದು ನಾನೇನು ಮಾಡ್ಲಿ ಅಲ್ಲಿ? ಈ ವಯಸ್ಸಲ್ಲಿ ನಿನ್ನ ಡ್ಯೂಟಿ ರೋಟಾ ನೋಡ್ಕೊಂಡು ಕುಕ್ಕರ್ ಇಟ್ಟು ಕೂತ್ಕೊಳ್ಳೋಕೆ ನನ್ನಿಂದ ಆಗಲ್ಲ."

"ಮತ್ತೆ ದಿನಾ ಟಾರ್ಚ್ ಹಿಡ್ಕೊಂಡು ಓಡಾಡಿದ್ದು?"

"ಹೇಳಿಬಿಡೋಣ ಅಂತಲೇ ಫೋನ್ ಮಾಡ್ತಿದ್ದೆ. ನೀನು ಎತ್ತಿದ ತಕ್ಷಣ ಮೋರಿ ನೋಡಿದ್ರಾ ಅಂತ ಶುರು ಮಾಡ್ತಿದ್ದೆ. ಆಗ ನಿನ್ನ ಧ್ವನಿ ಮೊದಲಿನ ಹಾಗೇ ಇರ್ತಿತ್ತು ಕಣೇ. ಬಾಯಿ ಬರಲಿಲ್ಲ."

ಪ್ರೀತಿಗಾಗಿ ಹೇಳಿದ ಸುಳ್ಳು ಎಂದು ಯಾರಾದರೂ ಅಂದಾರು. ಬೆಂಕಿ ಬೀಳಲಿ ಅಂಥ ಪ್ರೀತಿಗೆ! ಇಲ್ಲದ ಚೇಳನ್ನು ಹುಡುಕಿಸುತ್ತಾ ಒಬ್ಬಳು ಹೆಂಗಸು ಒಂದು ಚಳಿಗಾಲವನ್ನೇ ಕಳೆದಿದ್ದಳು.

"ನಾನು ದಿನಾ ಹೆದರಿದ್ದೀನಿ ರೀ" ಎಂದಳು ನೀರಜಾ. "ವಾರ್ಡಲ್ಲಿ ನಿಂತಾಗ, ಬಸ್ಸಲ್ಲಿ ಕೂತಾಗ. ಒಬ್ಬರೇ ಇದ್ದೀರಿ, ಕಚ್ಚಿದ್ರೆ ನೋಡೋಕೆ ಯಾರೂ ಇಲ್ಲ ಅಂತ."

"ಗೊತ್ತು. ತಪ್ಪಾಯ್ತು. ಇನ್ನು ಹೆದರಬೇಡ. ನಾಳೆ ಫೋನ್ ಮಾಡ್ತೀನಿ."

"ಯಾಕೆ?"

ಅವಳು ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ದಿವಾಕರ ಊಟ ಆಯ್ತಾ ಎಂದು ಕೇಳಬಹುದಿತ್ತು, ಚಳಿ ಹೇಗಿದೆ ಎನ್ನಬಹುದಿತ್ತು. ಅಂಥ ಮಾತಿನ ರೂಢಿಯೇ ಇಬ್ಬರಿಗೂ ತಪ್ಪಿಹೋಗಿತ್ತು. ಕೊನೆಗೆ ಅವಳೇ "ಇಡ್ತೀನಿ" ಎಂದಳು.

ಮನೆ ತೆಪ್ಪಗಿತ್ತು. ಅವನು ಒಂಬತ್ತನೇ ಮಹಡಿಯಲ್ಲಿ ಕ್ಷೇಮವಾಗಿದ್ದ, ಅವಳ ಅಗತ್ಯವೇ ಬೀಳದಷ್ಟು ಕ್ಷೇಮವಾಗಿ. ಇನ್ನು ಅವನಿಗೆ ಏನೂ ಆಗುವುದಿಲ್ಲ. ಇಷ್ಟು ದಿನ ಅವಳು ದೇವರಲ್ಲಿ ಬೇಡಿಕೊಂಡದ್ದೂ ಅದನ್ನೇ ಅಲ್ಲವೇ. ಈಗ ಯಾರಿಗಾಗಿಯಾದರೂ ಹೆದರೋಣವೆಂದರೆ, ಅವಳಿಗೆ ಯಾರೂ ಉಳಿದಿರಲಿಲ್ಲ.