ಗುಳುಂ ಅನ್ನುವವರೆಗೆ

ಗ್ಯಾರೇಜಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವನನ್ನು ಪಟಾಕಿ ಮೇಸ್ತ್ರಿ ಎನ್ನುತ್ತಿದ್ದರು. ಲಾರಿಯ ಬೋಲ್ಟು ಒಂಚೂರು ಮೊಂಡು ಹಿಡಿದರೂ ಅದರ ವಂಶವನ್ನೇ ಜಾಲಾಡುವ ಮನುಷ್ಯ. ಅಂಥವನು ಈಗ ಹೆಂಡತಿಯ ಮಂಚದ ತುದಿಯಲ್ಲಿ ಕೂತು, ಗ್ರೀಸಿನ ಕಲೆ ಹೋಗದ ಹೆಬ್ಬೆರಳಿನಿಂದ ಮೀನು ಹಿಡಿಯುವ ಗೇಮಿನ ಗುಂಡಿ ಒತ್ತುತ್ತಿದ್ದ.

ಗೇಮು ಹೆಂಡತಿಯದು. ಅವಳು ಟೈಲರ್. ಹೊಲಿಗೆಯ ಬಿಡುವಿನಲ್ಲಿ ಒಂದೊಂದೇ ಮೀನು ಹಿಡಿದು, ಗೇಮಿನೊಳಗಿನ ಗಾಜಿನ ತೊಟ್ಟಿಗಳನ್ನೆಲ್ಲ ತುಂಬಿಸಿದ್ದಳು. ನಡುವಿನ ದೊಡ್ಡದು ಮಾತ್ರ ಖಾಲಿ. ಅದು ಶಾರ್ಕಿನದು. ಗೇಮಿನಲ್ಲಿ ಶಾರ್ಕು ಸಿಗುವ ಕಾಲ ಇವತ್ತಿಗೆ ಮುಗಿಯುತ್ತಿತ್ತು. ಮತ್ತೆ ಬರುವುದು ಮುಂದಿನ ವರ್ಷವೇ. ಅವಳಿಗೋ, ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ.

"ಹೋಗ್ಲಿ ಬಿಡ್ರಿ" ಎಂದಿದ್ದಳು ಬೆಳಿಗ್ಗೆ. ಆ ದನಿ ಅವನಿಗೆ ಹಿಡಿಸಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಎಷ್ಟು ಕಾಣುತ್ತದೋ ಡಾಕ್ಟರೂ ಬಾಯಿಬಿಟ್ಟಿರಲಿಲ್ಲ. ಗ್ಯಾರೇಜಿಗೆ ರಜೆ ಹಾಕಿದ.

ಮಧ್ಯಾಹ್ನ ಗಾಳಕ್ಕೆ ಏನೋ ಒಂದು ದಪ್ಪ ಮೀನು ಬಿತ್ತು. ಪರದೆಯ ಮೇಲೆ ಅಕ್ಷರ ಮೂಡಿತು, ಇವನು ಒತ್ತಿದ, ಮೀನು ವಾಪಸ್ ನೀರಿಗೆ ಬಿತ್ತು.

"ಏನಾಯ್ತು?"

"ಏನೋ ಪ್ರಶ್ನೆ ಕೇಳ್ತು. ಒತ್ತಿದೆ."

"ಓದದೇನೇ?"

"ಮೀನು ಹಿಡಿಯೋಕೂ ಪರೀಕ್ಷೆ ಬರೀಬೇಕೇನೇ?"

ಅಷ್ಟರಲ್ಲಿ ಬೆನ್ನ ರೆಕ್ಕೆ ಮೇಲೆತ್ತಿದ ಶಾರ್ಕಿನ ಕರಿ ನೆರಳು ಸುಳಿಯಿತು. ಗಾಳ ಎಸೆದ. ನೀರ ಮೇಲೆ ತೇಲುತ್ತಿದ್ದ ಗಾಳದ ಬೆಂಡು ಟುಕ್ ಎಂದಿತು. ಒತ್ತಿದ. ನೆರಳು ಮಾಯ.

"ಥೂ, ಕಳ್ಳ ನನ್ಮಗನೇ!"

"ಅದು ಮೂಸಿ ನೋಡಿದ್ದು ಕಣ್ರೀ. ಟುಕ್ ಅಂದ್ರೆ ಸುಮ್ನಿರಿ. ಗುಳುಂ ಅಂದಾಗ ಒತ್ತಿ."

"ನನಗೆ ಸದ್ದು ಗೊತ್ತಾಗಲ್ವಾ? ಇಂಜಿನ್ ಕೆಮ್ಮಿದ್ರೆ—"

"ಇಂಜಿನ್ ಮಾತು ಕೇಳ್ತೀರಿ. ನನ್ನ ಮಾತು ಯಾವತ್ತು ಪೂರ್ತಿ ಕೇಳಿದೀರಿ? ಸೋಪು ಅನ್ನೋಷ್ಟರಲ್ಲಿ ಅಂಗಡಿಗೆ ಓಡಿರ್ತೀರಿ. ಸೋಪು ಇದೆ ಅನ್ನೋಕೆ ಹೊರಟಿರ್ತೀನಿ ನಾನು."

ಮನೆಯಲ್ಲಿ ಸೋಪಿನ ರಾಶಿ ಇದ್ದದ್ದು ಸುಳ್ಳಲ್ಲ.

ಇಳಿಬಿಸಿಲು ಹೊಲಿಗೆ ಮಷೀನಿನ ಮೇಲೆ ಬೀಳುವ ಹೊತ್ತಿಗೆ ನೆರಳು ಮತ್ತೆ ಬಂತು. ಅವಳು ತಡಕಾಡಿ ಅವನ ಮುಂಗೈ ಹಿಡಿದಳು.

ಟುಕ್. "ಇರಿ."

ಟುಕ್. "ಇರೀ ಅಂದೆ."

ಅವನ ಹಣೆಯಲ್ಲಿ ಬೆವರು. ಗುಳುಂ.

"ಈಗ!"

ಒತ್ತಿದ, ಕುಟ್ಟಿದ, ಎದ್ದು ನಿಂತು ಕುಟ್ಟಿದ. ನೀರು ಸೀಳಿಕೊಂಡು ಶಾರ್ಕು ಮೇಲೆ ಬಂತು. ಅವನು ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು.

"ಹೇಗಿದೆ, ಹೇಳ್ರೀ!"

"ಥೇಟ್ ನಿಮ್ಮಣ್ಣ. ಬಾಯಿ ತುಂಬ ಹಲ್ಲು, ನಗು ಮಾತ್ರ ಇಲ್ಲ."

"ನಗಿಸಬೇಡಿ, ಕಣ್ಣು ಎಳೆಯುತ್ತೆ!"

ಪರದೆಯ ಮೇಲೆ ಮತ್ತೆ ಅಕ್ಷರ. ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿತ್ತು. ಬೆಂಕಿ ತಗುಲಿದವನಂತೆ ಎತ್ತಿಕೊಂಡ. ಒಂದೊಂದೇ ಪದ ಬಿಡಿಸಿ ಓದಿದ: "ತೊಟ್ಟಿಗೆ ಬಿಡಬೇಕೇ, ಸಮುದ್ರಕ್ಕೆ ಬಿಡಬೇಕೇ?" ಆಮೇಲೆ ಅವಳತ್ತ ತಿರುಗಿ, "ಯಾವುದು ಒತ್ತಲಿ, ನೀನೇ ಹೇಳು" ಎಂದ.

ಅವಳು ನಿಧಾನವಾಗಿ ದಿಂಬಿಗೆ ಒರಗಿದಳು. ಗಂಡ ಹೀಗೆ ಕೇಳಿದ್ದು ಅಪರೂಪ. ಅದನ್ನು ಒಂದೇ ಗುಟುಕಿಗೆ ಮುಗಿಸುವ ಹೆಂಗಸಲ್ಲ ಅವಳು.

"ನೋಡಿ, ಸಮುದ್ರಕ್ಕೆ…" ಎಂದು ನಿಲ್ಲಿಸಿದಳು.

ಹೆಬ್ಬೆರಳು ಗುಂಡಿಯವರೆಗೆ ಇಳಿಯಿತು. ಒತ್ತಲಿಲ್ಲ.

"…ಬೇಡ. ತೊಟ್ಟಿಗೆ ಬಿಡಿ. ಪಟ್ಟಿ ಬಿಚ್ಚಿದ ದಿನ ಮೊದಲು ಅದನ್ನೇ ನೋಡ್ತೀನಿ."

"ಮತ್ತೆ ನನ್ನ ಮುಖ?"

"ಅದು ನೋಡಿರೋದೇ ತಾನೆ."

ಅವನು ಇನ್ನೂ ಒತ್ತಲಿಲ್ಲ.

"ಮುಗೀತೇನೇ ಮಾತು?"

"ಮುಗೀತು."

ಆಮೇಲೆ ಒತ್ತಿದ.