ಅವಳು ಓದದೆ ಬಿಟ್ಟ ಸಾಲುಗಳು

೧

ಇಸ್ತ್ರಿಪೆಟ್ಟಿಗೆಯ ತಳಕ್ಕೆ ಉಪ್ಪು ಹಾಕಿ ಉಜ್ಜುತ್ತಿದ್ದೆ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ತೇಪೆ ಆಂಟಿಗೆ ಸೋಮವಾರ ಆಪರೇಷನ್ ಅಂತೆ. ಈಗಲಾದ್ರೂ ಹೇಳ್ತೀರೋ ಇಲ್ವೋ?" ಎಂದಳು.

ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ? ಓದುಗರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ನರಕದ ಬಗ್ಗೆ ಬರೆಯಲು ಹೊರಟವಳು ಇಸ್ತ್ರಿಪೆಟ್ಟಿಗೆಯಿಂದ ಶುರು ಮಾಡಿದಳು ನೋಡಿ, ಕಾದ ಕಬ್ಬಿಣ, ಬೆಂಕಿ, ಮುದುಕಿ ಭಾರಿ ಚುರುಕು ಎಂದುಕೊಳ್ಳುತ್ತೀರಿ. ಹಾಗೇನಿಲ್ಲ. ಪೆಟ್ಟಿಗೆ ತಣ್ಣಗಿತ್ತು. ಮಗನ ನೈಲಾನ್ ಪ್ಯಾಂಟು ತಳಕ್ಕೆ ಮೆತ್ತಿಕೊಂಡಿತ್ತು, ಅದಕ್ಕೆ ಉಜ್ಜುತ್ತಿದ್ದೆ. (ಬೇಕಿದ್ದರೆ ಬೀನ್ಸ್ ಬಿಡಿಸುತ್ತಿದ್ದೆ ಎಂದು ಓದಿಕೊಳ್ಳಿ. ನನಗೆ ಬೇಜಾರಿಲ್ಲ.) ಅರುವತ್ತಕ್ಕೆ ಕೆಲಸ ಬಿಟ್ಟ ಮೇಲೆ ರಾತ್ರಿಶಾಲೆಗೆ ಸೇರಿ ಅಕ್ಷರ ಕಲಿತವಳು ನಾನು. ಅಲ್ಲಿನ ಮೇಷ್ಟ್ರು ನನ್ನ ಮಗನಿಗಿಂತ ಚಿಕ್ಕವರು. "ಅಮ್ಮಾ, ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಕೈಯಲ್ಲಿರೋ ಕೆಲಸದಿಂದ ಶುರು ಮಾಡಿ" ಎಂದಿದ್ದರು. ಮಾಡಿದ್ದೇನೆ.

ಈಗ ಪಾತ್ರಗಳು. ನಾನು ಇಸ್ತ್ರಿ. ಅದು ಹೆಸರಲ್ಲ. ಆದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳನ್ನು ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಪಕ್ಕದ ಮೇಜಿನಲ್ಲಿ ಕೂತು ಹರಿದದ್ದನ್ನೆಲ್ಲ ಹೊಲಿಯುತ್ತಿದ್ದವಳು ತೇಪೆ. ಈಗ ಅವಳು ಇನ್ನೊಂದು ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಹೊಟ್ಟೆಯಲ್ಲಿ ಗಡ್ಡೆ.

ನಾನೂ ಸೊಸೆಯೂ ಕ್ರೈಸ್ತರು. ನಂಬದೆ ಸತ್ತವರಿಗೆ ನರಕ ಎಂದು ನಮ್ಮ ಸಭೆಯಲ್ಲಿ ಕಲಿಸುತ್ತಾರೆ. ತೇಪೆ ಯಾವ ದೇವರಿಗೂ ತೊಂದರೆ ಕೊಟ್ಟವಳಲ್ಲ. ಆದ್ದರಿಂದ ಪ್ರಶ್ನೆ ಇಷ್ಟೇ: ಅವಳಿಗೆ ನಾನು ಎಚ್ಚರಿಕೆ ಹೇಳಬೇಕೋ ಬೇಡವೋ? ಫೋನಿನಲ್ಲಿ ಹೇಳುವಂತಿಲ್ಲ. ಯಂತ್ರಗಳ ಸದ್ದು ಅವಳ ಕಿವಿ ತಿಂದುಹಾಕಿದೆ. ಏನು ಹೇಳಿದರೂ "ಹೂಂ, ಊಟ ಆಯ್ತು" ಎನ್ನುತ್ತಾಳೆ. ಕಾಗದವೇ ಗತಿ. ಆ ಕಾಗದವನ್ನು ನಾನು ಒಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ.

೨

ಪ್ರೀತಿಯ ತೇಪೆ, ನಿನ್ನ ಆತ್ಮದ ಹಿತದೃಷ್ಟಿಯಿಂದ ಈ ಮೂಲಕ ತಿಳಿಸುವುದೇನೆಂದರೆ...

(ಬೇಡ. ನಾಳೆ ಬೆಳಿಗ್ಗೆ ಆರರಿಂದ ನೀರು ಬರುವುದಿಲ್ಲ ಎಂದು ಹೇಳುವ ಹಾಗಿದೆ.)

೨, ಮತ್ತೆ

ತೇಪೆ ಬಂದು ನನ್ನ ಎದುರು ಕೂತಳು. (ನಿಜವಾದವಳಲ್ಲ. ಇವಳು ಕಾಗದದ ಮೇಲಿನವಳು.)

"ಏನೇ ಇಸ್ತ್ರಿ, ನನ್ನನ್ನ ಕಥೆಗೆ ಹಾಕ್ಕೊಂಡಿದೀಯಂತೆ."

"ಹೂಂ."

"ಸಾಯಿಸ್ತೀಯಾ?"

"ಇನ್ನೂ ಯೋಚನೆ ಮಾಡಿಲ್ಲ."

"ಕಥೇಲಿ ಕಾಯಿಲೆಯವಳು ಬಂದ್ಲು ಅಂದ್ರೆ ಸಾಯೋಕೇ ಬಂದಿರ್ತಾಳೆ. ಹೋಗ್ಲಿ, ಏನೋ ಹೇಳ್ಬೇಕಂತಲ್ಲ."

"ನರಕದ ವಿಷಯ."

"ಅಲ್ಲೂ ಬಟ್ಟೆ ಹರೀತಾವಾ?"

"ತಮಾಷೆ ಅಲ್ಲ ಕಣೇ."

"ತಮಾಷೆ ಅಲ್ದಿದ್ರೆ ಇಷ್ಟು ವರ್ಷ ಯಾಕೆ ಬಾಯಿ ಹೊಲ್ಕೊಂಡಿದ್ದೆ? ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಅಂತ ಗೊತ್ತಿದ್ದವಳು ಒಂಬತ್ತು ವರ್ಷ ಅಕ್ಷರ ತಿದ್ತಾ ಕೂರ್ತಾಳಾ? ಒಂದೋ ನಿಂಗೆ ನನ್ನ ಮೇಲೆ ಪ್ರೀತಿ ಇಲ್ಲ, ಇಲ್ಲಾ ಆ ಬೆಂಕಿ ಮೇಲೆ ನಂಬಿಕೆ ಇಲ್ಲ."

ಪೆನ್ನು ಕೆಳಗಿಟ್ಟು ನೀರು ಕುಡಿದು ಬಂದೆ. ಬರೆಯುವವಳು ನಾನೇ ಆದ್ದರಿಂದ ಆ ಮಾತು ನನ್ನೊಳಗಿಂದಲೇ ಬಂದಿರಬೇಕು. ಇದು ಬರವಣಿಗೆಯ ಕಷ್ಟ. ಇನ್ನೊಬ್ಬರ ಬಾಯಿಗೆ ಮಾತು ಹಾಕಲು ಹೋದರೆ ನಮ್ಮ ಬಾಯಿಯ ಹಲ್ಲೇ ಉದುರುತ್ತದೆ.

೩

ಮೂರನೆಯ ಭಾಗವನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಸೊಸೆಯನ್ನು ಬಿರುಸು ಹೆಂಗಸಿನಂತೆ ಬರೆದಿದ್ದೆ. ಕಥೆಗೆ ಅನುಕೂಲವಾಗುತ್ತಿತ್ತು, ಆದರೆ ಅವಳು ಹಾಗಿಲ್ಲ. ಅವಳ ಮೊದಲ ಹೆರಿಗೆಗೆ ತೇಪೆ ಮೆತ್ತನೆಯ ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿದು ತಂದಿದ್ದಳು. ಅದನ್ನು ಇವಳು ಇನ್ನೂ ಯಾರಿಗೂ ಕೊಟ್ಟಿಲ್ಲ. ಅವಳಿಗೆ ನಿಜವಾಗಿಯೂ ಭಯ. ಆಪರೇಷನ್ ಸುದ್ದಿ ಬಂದಾಗಿನಿಂದ ಅನ್ನ ಕಲಸುತ್ತಾಳೆ, ತಿನ್ನುವುದಿಲ್ಲ.

"ಅತ್ತೆ, ಮೆಡಿಕಲ್ ಅಂಗಡೀಲಿ ನಾನು ಮಾತ್ರೆ ಕೊಡುವಾಗ ಇದನ್ನ ಖಾಲಿ ಹೊಟ್ಟೇಲಿ ತಗೋಬೇಡಿ ಅಂತ ಹೇಳ್ದೆ ಕೊಡ್ತೀನಾ? ಗುರುತಿಲ್ಲದವರಿಗೇ ಹೇಳ್ತೀನಿ."

"ಅದು ಡಬ್ಬಿ ಮೇಲೆ ಬರ್ದಿರತ್ತೆ."

"ಇದೂ ಬರ್ದಿದೆಯಲ್ಲ."

"ಬರ್ದಿದೆ."

"ನಿಮ್ಗೆ ಆಗ್ಲಿಲ್ಲ ಅಂದ್ರೆ ನಾನು ಬರೀತೀನಿ."

"ನೀನು ಬರೆದ್ರೆ ಅವಳು ಹೆದರ್ಕೋತಾಳೆ. ನಾನು ಬರೆದ್ರೆ ಬೈತಾಳೆ. ಬೈಯೋದೇ ವಾಸಿ."

ಅವಳು ನಕ್ಕಳು. ಅಷ್ಟಾದರೂ ಆಯಿತು.

೪

ಇನ್ನು ತಡಮಾಡಬಾರದು, ಮುಖ್ಯ ವಿಷಯಕ್ಕೆ ಬರುತ್ತೇನೆ. (ಮೇಷ್ಟ್ರು ಇದ್ದಿದ್ದರೆ, ಇದನ್ನ ಮೊದಲೇ ಹೇಳ್ಬೇಕಿತ್ತಲ್ಲಮ್ಮ ಎನ್ನುತ್ತಿದ್ದರು. ಹೇಳಲು ಧೈರ್ಯವಿರಲಿಲ್ಲ ಮೇಷ್ಟ್ರೇ.)

ನನಗೆ ಓದು ಬರುತ್ತಿರಲಿಲ್ಲ. ತೇಪೆಗೆ ಬರುತ್ತಿತ್ತು. ಅವಳ ಯೂನಿಫಾರಂಗೆ ನಾನು ಇಸ್ತ್ರಿ ಹಾಕಿಕೊಡುವುದು, ಊಟದ ಬಿಡುವಿನಲ್ಲಿ ಅವಳು ನನಗೆ ನಮ್ಮ ಗ್ರಂಥವನ್ನು ಓದಿ ಹೇಳುವುದು, ಹೀಗೆ ಒಪ್ಪಂದ. ನಂಬದವಳು ನಂಬಿದವಳಿಗೆ ಇಪ್ಪತ್ತು ವರ್ಷ ಓದಿದಳು. ಬಟ್ಟೆಯ ಗಂಟುಗಳ ಮೇಲೆ ಕೂತು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಪುಸ್ತಕ. ಅದಕ್ಕೆಂದೇ ಪುಸ್ತಕ ಅವಳ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು.

ಆ ವರ್ಷಗಳಲ್ಲಿ ನನ್ನ ತಮ್ಮ ಹೋದ. ಅವನು ಪ್ರತಿ ಭಾನುವಾರ ನನ್ನನ್ನು ಸೈಕಲ್ಲಿನಲ್ಲಿ ಸಭೆಯ ಬಾಗಿಲವರೆಗೆ ಬಿಟ್ಟು, ಹೊರಗೆ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದ. "ಒಳಗೆ ಬಾರೋ" ಎಂದರೆ, "ಸೈಕಲ್ ಯಾರು ನೋಡ್ಕೋತಾರೆ ಅಕ್ಕಾ" ಎನ್ನುತ್ತಿದ್ದ. ಒಂದು ದಿನವೂ ಒಳಗೆ ಬರಲಿಲ್ಲ. ಒಂದು ಜ್ವರ, ನಾಲ್ಕು ದಿನ, ಅಷ್ಟೇ.

ಅವನನ್ನು ಮಣ್ಣು ಮಾಡಿ ಕೆಲಸಕ್ಕೆ ಬಂದ ವಾರ ತೇಪೆ ನನಗೆ ಒಬ್ಬ ಸಾಹುಕಾರ, ಒಬ್ಬ ಭಿಕ್ಷುಕನ ಕಥೆ ಓದಿದಳು. ಭಿಕ್ಷುಕ ಸಾಹುಕಾರನ ಬಾಗಿಲಲ್ಲಿ ಹುಣ್ಣು ಹೊತ್ತು ಬಿದ್ದಿರುತ್ತಾನೆ. ಸಾಯುತ್ತಾನೆ. ದೇವದೂತರು ಎತ್ತಿಕೊಂಡು ಹೋಗಿ ಸ್ವರ್ಗದಲ್ಲಿರುವ ಮೂಲಪುರುಷನ ಮಡಿಲಲ್ಲಿ ಕೂರಿಸುತ್ತಾರೆ. ಸಾಹುಕಾರನೂ ಸಾಯುತ್ತಾನೆ. ಅಲ್ಲಿಗೆ ಅವಳು ಪುಸ್ತಕ ಮುಚ್ಚಿದಳು.

"ಸಾಹುಕಾರ ಏನಾದ?" ಎಂದು ಕೇಳಿದೆ.

"ಅವನಿಗೇನೇ, ಸಾಹುಕಾರ. ಎಲ್ಲಾದ್ರೂ ಇರ್ತಾನೆ. ರೊಟ್ಟಿ ತಿನ್ನು."

ಸಭೆಯಲ್ಲಿ ನರಕದ ಮಾತು ಕೇಳಿರಲಿಲ್ಲವೇ ಎನ್ನಬಹುದು ನೀವು. ಕೇಳಿದ್ದೆ, ದೂರದ ಊರಿನ ಹವಾಮಾನ ಕೇಳಿದ ಹಾಗೆ. ಆಗಿನ ಪಾಸ್ಟರು ಮೆದು ಮನುಷ್ಯ, ಆ ಪುಟಗಳ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಕೆಲಸ ಬಿಡುವಾಗ ಪುಸ್ತಕವನ್ನು ಅವಳ ಡ್ರಾಯರಿನಿಂದ ಮನೆಗೆ ತಂದಿದ್ದೆ. ರಾತ್ರಿಶಾಲೆಯ ಎರಡನೆಯ ವರ್ಷ ನಾನೇ ಅದನ್ನು ತೆರೆದೆ. ಅಲ್ಲಲ್ಲಿ ಪುಟದ ಅಂಚಿನಲ್ಲಿ ಪೆನ್ಸಿಲಿನ ಜೋಡಿ ಗೀಟು. ಕೆಳಗೆ ಇನ್ನೊಂದು ಜೋಡಿ. ಒಂದೂ ಅಕ್ಷರ ಬಾರದ ಕಾಲದಿಂದ ನನಗೆ ಓದಲು ಬರುತ್ತಿದ್ದದ್ದು ಆ ಗುರುತೊಂದೇ. ಹರಿದ ಬಟ್ಟೆ ಬಂದರೆ ತೇಪೆ ಹರಿದ ಜಾಗದ ಆಚೆಗೂ ಈಚೆಗೂ ಸೀಮೆಸುಣ್ಣದಿಂದ ಹಾಗೆ ಗೀಟು ಎಳೆಯುತ್ತಿದ್ದಳು. ಇಲ್ಲಿಂದ ಇಲ್ಲಿಯವರೆಗೆ ಇನ್ನೂ ಹೊಲಿದಿಲ್ಲ, ಇಸ್ತ್ರಿ ಹಾಕಬೇಡ ಎಂದು ಅರ್ಥ. ಇಡೀ ಲಾಂಡ್ರಿಯಲ್ಲಿ ಅವಳು ಆ ಗುರುತು ಹಾಕುತ್ತಿದ್ದದ್ದು ಒಬ್ಬಳಿಗಾಗಿ ಮಾತ್ರ, ನನಗಾಗಿ.

ನಗಬೇಡಿ, ಎರಡು ವಾರ ನಾನು ಆ ಗೀಟುಗಳ ನಡುವೆ ಹೋಗಲೇ ಇಲ್ಲ. ಅಲ್ಲಿಯವರೆಗೆ ಬರುವುದು, ಹಾರಿಕೊಂಡು ಕೆಳಗಿನಿಂದ ಶುರು ಮಾಡುವುದು. ಕೈಗೆ ಅಂಥ ಅಭ್ಯಾಸ.

ಆಮೇಲೆ ಹೋದೆ. ಹನ್ನೊಂದು ಕಡೆ ಗೀಟುಗಳಿದ್ದವು. ಹನ್ನೊಂದೂ ನರಕ.

ಸಾಹುಕಾರ ಏನಾದ ಎಂದು ಗೊತ್ತಾಯಿತು. ಉರಿಯಲ್ಲಿ ನಿಂತು ಒಂದು ಹನಿ ನೀರು ಬೇಡುತ್ತಾನೆ. ಸಿಗುವುದಿಲ್ಲ. ಹೋಗಲಿ, ಮನೆಯಲ್ಲಿ ಐವರು ತಮ್ಮಂದಿರಿದ್ದಾರೆ, ಯಾರನ್ನಾದರೂ ಕಳಿಸಿ ಅವರಿಗೆ ಎಚ್ಚರಿಕೆ ಹೇಳಿಸಿ ಎನ್ನುತ್ತಾನೆ. ಅವರ ಹತ್ತಿರ ಪುಸ್ತಕಗಳಿವೆ, ಕೇಳಿಕೊಳ್ಳಲಿ ಎಂದು ಮೇಲಿನಿಂದ ಆ ಮೂಲಪುರುಷನ ಉತ್ತರ.

ನನಗೆ ವಿಚಿತ್ರವೆನಿಸಿತು. ಎಚ್ಚರಿಸಿ ಎಂದು ಬೇಡುವವನು ನರಕದಲ್ಲಿದ್ದಾನೆ, ಬೇಕಿಲ್ಲ ಎನ್ನುವವನು ಸ್ವರ್ಗದಲ್ಲಿ. ಸೊಸೆಗೆ ಹೇಳಿದೆ. "ಅದರ ಅರ್ಥ ಹಾಗಲ್ಲ ಅತ್ತೆ" ಎಂದಳು. ಇರಬಹುದು. ಆದರೆ ನನ್ನ ತಲೆಯಲ್ಲಿ ಸಾಹುಕಾರ ಇರಲಿಲ್ಲ. ಕಲ್ಲಿನ ಮೇಲೆ ಕೂತು ಸೈಕಲ್ ಕಾಯುವವನಿದ್ದ. ಆ ವಾರ ತೇಪೆ ಆ ಸಾಲುಗಳನ್ನು ಗಟ್ಟಿಯಾಗಿ ಓದಿದ್ದರೆ ನಾನು ಎದ್ದು ಕೆಲಸ ಮಾಡುತ್ತಿದ್ದೆನೋ ಇಲ್ಲವೋ.

ಈಗ ನೋಡಿ ನನ್ನ ಪಾಡು. ಯಾರಿಗೆ ನಾನು ನರಕದ ಸುದ್ದಿ ಮುಟ್ಟಿಸಬೇಕೋ ಅವಳು ನನಗಿಂತ ಮೊದಲೇ ಅದನ್ನು ಓದಿದ್ದಾಳೆ. ಓದಿ, ನನಗೆ ತಾಕದ ಹಾಗೆ ಗೀಟು ಎಳೆದಿದ್ದಾಳೆ.

೫

"ಯಾಕೆ ಬಿಟ್ಟೆ?" ಎಂದು ಕಾಗದದ ತೇಪೆಯನ್ನು ಕೇಳಿದೆ.

ಮೊದಲ ಸಲ ಅವಳು, "ನೀನು ಅಳ್ತಿದ್ದೆ. ಅಳೋರ ಮುಂದೆ ಅದನ್ನ ಓದ್ತಾರಾ?" ಎಂದಳು. ಚೆನ್ನಾಗಿತ್ತು. ಅತಿ ಚೆನ್ನಾಗಿತ್ತು. ಹೊಡೆದು ಹಾಕಿದೆ.

ಎರಡನೆಯ ಸಲ, "ಬಿಡುವು ಮುಗಿದು ಗಂಟೆ ಹೊಡೀತು ಕಣೇ, ಅಷ್ಟೇ. ನೀನೇ ಕಥೆ ಕಟ್ತಿದೀಯ" ಎಂದಳು. ಗಂಟೆ ಹನ್ನೊಂದು ಸಲವೂ ನರಕಕ್ಕೆ ಸರಿಯಾಗಿ ಹೊಡೆಯುತ್ತದೆಯೇ?

ಮೂರನೆಯ ಸಲ ಅವಳು, "ನಂಗೆ ಹೆದರಿಕೆ ಆಯ್ತು" ಎಂದಳು. ನಾನು ಬೆಚ್ಚಿದೆ. ಇದು ನಾನು ಯೋಚಿಸಿದ್ದ ಉತ್ತರವಲ್ಲ. ಅಷ್ಟು ವರ್ಷ ಒಬ್ಬಳೇ, ಕಣ್ಣಿನಲ್ಲೇ ಓದಿಕೊಂಡು, ಯಾರಿಗೂ ಹೇಳದೆ ಹೆದರಿಕೊಂಡು ಕೂತಿದ್ದಳೇ? ಪಕ್ಕದ ಮೇಜಿನಲ್ಲಿದ್ದ ನಾನು ಬಟ್ಟೆ ಮಡಚುತ್ತಿದ್ದೆನೇ?

ಮೂರರಲ್ಲಿ ಯಾವುದು ನಿಜ, ನನಗೆ ಗೊತ್ತಿಲ್ಲ. ಇಪ್ಪತ್ತು ಡ್ರಾಫ್ಟು ಬರೆದರೂ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಒಬ್ಬಳಿಗೆ, ಸೋಮವಾರ ಅವಳ ಹೊಟ್ಟೆ ಕುಯ್ಯುತ್ತಾರೆ.

ಕೊನೆಗಳು (ಆರಿಸಿಕೊಳ್ಳಿ)

ಅ. ಕಾಗದ ಹಾಕುವುದಿಲ್ಲ. ಅವಳು ನನಗೆ ಮಾಡಿದ್ದನ್ನೇ ನಾನೂ ಅವಳಿಗೆ ಮಾಡುತ್ತೇನೆ. (ಸೊಸೆ ಈ ಕೊನೆಯನ್ನು ಓದಿ ಎದ್ದು ಹೋದಳು. ನನಗೂ ಒಪ್ಪಿಗೆಯಿಲ್ಲ. ತಮ್ಮನಿಗೂ ನಾನು ಏನೂ ಹೇಳಿರಲಿಲ್ಲ. ಸೈಕಲ್ಲಿನ ಮಾತು ಬಂದಾಗ ನಕ್ಕು ಒಳಗೆ ಹೋಗುತ್ತಿದ್ದೆ.)

ಆ. ಕಾಗದ ಓದಿ ತೇಪೆ ಕಣ್ಣೀರಿಟ್ಟು ನಂಬುತ್ತಾಳೆ. (ಅವಳ ಪರಿಚಯ ನಿಮಗಿಲ್ಲ. ಕಾಗುಣಿತ ತಿದ್ದಿ ವಾಪಸು ಕಳಿಸುತ್ತಾಳೆ.)

ಇ. ಕಾಗದ ಓದಿ ಮುನಿಸಿಕೊಳ್ಳುತ್ತಾಳೆ. ನಾನು ಹೋದಾಗ ಅವಳ ಅಕ್ಕ ಬಾಗಿಲಲ್ಲೇ ನಿಂತು, "ಮಲಗಿದಾಳೆ, ಆಮೇಲೆ ಬನ್ನಿ" ಎನ್ನುತ್ತಾಳೆ. ಆಮೇಲೆ ಎಂಬುದು ಇರುವುದಿಲ್ಲ. (ಇದು ಆಗಬಹುದು. ಇದಕ್ಕೇ ಒಂಬತ್ತು ವರ್ಷ ತಡವಾಗಿದ್ದು.)

ಗುರುವಾರ

ಇದಕ್ಕೆ ಸಂಖ್ಯೆ ಹಾಕಿಲ್ಲ. ಇದು ಡ್ರಾಫ್ಟಲ್ಲ.

"ತೇಪೆ, ಸಾಹುಕಾರನ ಕಥೆಯನ್ನು ನೀನು ನನಗೆ ಓದಿದ್ದು ಅರ್ಧ. ಉಳಿದದ್ದನ್ನು ನಾನೇ ಓದಿಕೊಂಡು ಒಂಬತ್ತು ವರ್ಷವಾಯಿತು. ನಿನ್ನ ಗೀಟುಗಳನ್ನೂ ನೋಡಿದೆ. ನಿನಗೆ ಹೇಳಲಿಲ್ಲ.

ನರಕ ಇದೆ ಎಂದು ನಾನು ನಂಬಿದ್ದೇನೆ. ಹೇಗಿದೆ, ಅಲ್ಲಿ ಯಾರಿದ್ದಾರೆ, ನನಗೆ ಗೊತ್ತಿಲ್ಲ. ನೀನು ಅಲ್ಲಿಗೆ ಹೋಗಬಾರದು. ನನ್ನ ದೇವರು ನಿನ್ನನ್ನೂ ಕರೆಯುತ್ತಾನೆ, ಬಾ. ಇದನ್ನು ಹೇಳದೆ ನಿನ್ನನ್ನು ಆಪರೇಷನ್ನಿಗೆ ಕಳಿಸಲು ಮನಸ್ಸು ಬರಲಿಲ್ಲ. ನನ್ನ ತಮ್ಮನಿಗೆ ಹೇಳದೆ ಕಳಿಸಿದ್ದೇನೆ. ನಿನಗೆ ಸಿಟ್ಟು ಬಂದರೆ ಬರಲಿ.

ಒಂದು ಕೇಳಬೇಕು. ಆ ಹನ್ನೊಂದು ಕಡೆ ನೀನೊಬ್ಬಳೇ ಓದಿಕೊಂಡಾಗ ನಿನಗೆ ಏನನ್ನಿಸಿತು? ನನಗೆ ಸಮಾಧಾನವಾಗಲಿ ಎಂದು ಏನೇನೋ ಹೇಳಬೇಡ, ಇದ್ದದ್ದು ಹೇಳು.

ಭಾನುವಾರದ ಬಸ್ಸಿಗೆ ಬರುತ್ತೇನೆ. ಬೇಡ ಎಂದರೂ ಬರುತ್ತೇನೆ. ಇಸ್ತ್ರಿ."

ಸೊಸೆ ಓದಿದಳು. "ಪ್ರಶ್ನೆ ಯಾಕೆ ಅತ್ತೆ? ಹೇಳೋದು ಹೇಳಾಯ್ತಲ್ಲ."

"ನಂಗೆ ಗೊತ್ತಿಲ್ಲ, ಅದಕ್ಕೆ."

ಅವಳು ಇನ್ನೊಮ್ಮೆ ಓದಿ, ಮಡಚಿ, ಲಕೋಟೆಗೆ ಹಾಕಿ ತಾನೇ ಅಂಟಿಸಿದಳು. ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರು. ಕೌಂಟರಿನವನು ಲಕೋಟೆ ತೂಗಿ, ಶನಿವಾರ ತಲುಪುತ್ತದೆ ಎಂದು ಹೇಳಿ, ಸ್ಟಾಂಪಿನ ಮೇಲೆ ಮೊಹರು ಒತ್ತಿ ಹಿಂದಿನ ಚೀಲಕ್ಕೆ ಎಸೆದ.

"ಒಂದು ಸಾಲು ಬದಲಾಯಿಸ್ಬೇಕಿತ್ತಪ್ಪ," ಎಂದೆ. ಬಾಯಿಂದ ಬಂದೇಬಿಟ್ಟಿತು.

"ಮೊಹರು ಬಿದ್ದ ಮೇಲೆ ಅದು ನಿಮ್ಮದಲ್ಲ ಅಮ್ಮಾ, ವಿಳಾಸದವರದ್ದು. ಹಿಂದಿನವರು ಬನ್ನಿ."

ಓದುಗರೇ, ಭಾನುವಾರ ಏನಾಯಿತು ಎಂದು ನೀವು ಕೇಳುತ್ತೀರಿ. ಇವತ್ತು ಇನ್ನೂ ಗುರುವಾರ. ಮನೆಗೆ ಬಂದು ಚಪ್ಪಲಿ ಬಿಟ್ಟು ಕೂತರೆ, ಕಾಗದದ ತೇಪೆ ಆಗಲೇ ಎದುರಿನ ಕುರ್ಚಿಯಲ್ಲಿ ಕಾಯುತ್ತಿದ್ದಾಳೆ.

"ಇಸ್ತ್ರಿ, ಆಗ ನಂಗೆ ಏನನ್ನಿಸ್ತು ಅಂದ್ರೆ..." ಎಂದು ಶುರು ಮಾಡಿದಳು.

"ನೀನು ಸುಮ್ನಿರು," ಎಂದೆ. "ನಾನು ಕೇಳಿರೋದು ನಿನ್ನನ್ನಲ್ಲ."